ಹೊಟ್ಟೆಯ ಮೇಲೆ ಇಳಿದ ವಿಮಾನ

ಅವನನ್ನು ಎಲ್ಲರೂ ಪೈಲಟ್ ಎಂದು ಕರೆಯುತ್ತಿದ್ದರು. ವಿಮಾನ ಹತ್ತಿದವನಲ್ಲ, ಹತ್ತುವ ಲಕ್ಷಣವೂ ಸದ್ಯಕ್ಕೆ ಕಾಣುತ್ತಿರಲಿಲ್ಲ. ಎರಡನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ಇಣುಕಿದರೆ ಸಾಕು, ಮೊಣಕಾಲುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗುತ್ತಿದ್ದವು. ಅವನು ದುಡಿಯುತ್ತಿದ್ದ ಟೈಲ್ಸ್ ಅಂಗಡಿಯವರು ಅವನ ಬೆರಳ ತುದಿಗೆ ಸದಾ ಅಂಟಿರುತ್ತಿದ್ದ ಬೆಳ್ಳಿ ಬಣ್ಣವನ್ನು ಕಂಡು, ವಿಚಾರಿಸಿ, ಮೀಸೆ ಬಂದ ಈ ಗಂಡಸು ಮನೆಯಲ್ಲಿ ಕೂತು ಪ್ಲಾಸ್ಟಿಕ್ ವಿಮಾನ ಅಂಟಿಸುತ್ತಾನೆಂದು ತಿಳಿದ ದಿನವೇ ಆ ಹೆಸರು ಇಟ್ಟುಬಿಟ್ಟರು. ಅವನೂ "ಆಯ್ತು" ಅಂದ.

ಆಯ್ತು ಅನ್ನುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಮಾಲೀಕರು ರಜಾದಿನ ಬಾ ಅಂದರೆ ಆಯ್ತು. ಗಿರಾಕಿ ಹೊಂದಿಸಿಟ್ಟ ಟೈಲ್ಸನ್ನೆಲ್ಲ ಕೆಡವಿಸಿ "ಬೇಡ, ಮೊದಲಿಂದೇ ಚೆನ್ನಾಗಿತ್ತು" ಅಂದರೆ ಆಯ್ತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಅಲ್ಲಿ ಕಾಲಿಟ್ಟದ್ದೇ ತನ್ನ ತಪ್ಪೆಂಬಂತೆ ಇವನೇ ಸಾರಿ ಕೇಳಿ ಸರಿದು ನಿಲ್ಲುತ್ತಿದ್ದ. ಬೆನ್ನುಮೂಳೆ ಇದೆಯೆಂದು ಅವನಿಗೆ ಗೊತ್ತಾಗುತ್ತಿದ್ದದ್ದು ಗ್ರೌಟ್ ಚೀಲ ಎತ್ತಿದ ಮರುದಿನ ಮಾತ್ರ.

ಅಂಗಡಿಯಲ್ಲಿ ಅವನದು ಮಾದರಿ ಹಲಗೆಗಳ ಕೆಲಸ. ಹೊಸ ಟೈಲ್ಸ್ ಬಂದಾಗ ನಾಲ್ಕಾರು ತುಂಡುಗಳನ್ನು ಹಲಗೆಗೆ ಅಂಟಿಸಬೇಕು, ನಡುವಿನ ಸಂದಿಗಳಿಗೆ ಸಿಮೆಂಟಿನಂಥ ಗ್ರೌಟ್ ಕಲಸಿ ತುಂಬಬೇಕು, ಅದು ಹಸಿಯೂ ಅಲ್ಲದ ಒಣಗಿಯೂ ಇರದ ಹದ ನೋಡಿ ಒದ್ದೆ ಸ್ಪಂಜಿನಿಂದ ಒರೆಸಿ ಗೋಡೆಗೆ ಆನಿಸಬೇಕು. ಮನೆಯಲ್ಲಿ ಊಟದ ಮೇಜಿನ ಅರ್ಧ ಭಾಗ ಅವನ ವಿಮಾನಗಳದು. ಉಳಿದರ್ಧದಲ್ಲಿ ಅವನೂ ಅಮ್ಮನೂ ತಟ್ಟೆಗಳನ್ನು ಒಂದಕ್ಕೊಂದು ತಾಗಿಸಿಕೊಂಡು ಉಣ್ಣುತ್ತಿದ್ದರು. "ನನ್ನ ತಟ್ಟೇಲಿ ಅಂಟು ಬೀಳದಿದ್ರೆ ಸಾಕು, ನೀನು ಏನಾದ್ರೂ ಹಾರಿಸ್ಕೋ" ಎನ್ನುವುದು ಅಮ್ಮನ ಧೋರಣೆ.

ಅವನಿದ್ದ ಮಾದರಿ ವಿಮಾನ ಸಂಘ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ತಿಂಗಳಿಗೊಮ್ಮೆ ಸೇರುತ್ತಿತ್ತು. ಅಧ್ಯಕ್ಷರು ಹಲ್ಲಿನ ಡಾಕ್ಟರು. ವಯಸ್ಸಾಯಿತೆಂದು ದವಾಖಾನೆ ಮುಚ್ಚಿದ್ದರೂ ಸಲಕರಣೆ ಕೈಬಿಟ್ಟಿರಲಿಲ್ಲ. ಜನರ ಹಲ್ಲು ಕೊರೆದ ಮೆಷಿನ್ನಿನಲ್ಲೇ ಈಗ ವಿಮಾನಗಳ ಕಿಟಕಿ ಕೊರೆಯುತ್ತಿದ್ದರು. ವರ್ಷಕ್ಕೊಂದು ಪ್ರದರ್ಶನ, ಎರಡು ದಿನದ್ದು. ಅದಕ್ಕೆ ಮೇಜು ಹೊರುವವನು, ಬಿಳಿ ಬಟ್ಟೆ ಹಾಸುವವನು, ಬಂದವರಿಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ತೋರಿಸುವವನು ಪೈಲಟ್. ಅವನ ವಿಮಾನ ಮಾತ್ರ ಒಂದು ವರ್ಷವೂ ಮೇಜು ಹತ್ತಿರಲಿಲ್ಲ. ಒಂದು ವರ್ಷ ಅಂಟಿನ ಹಬೆಗೆ ಕಿಟಕಿಗಳೆಲ್ಲ ಮಂಜಾದವು. ಇನ್ನೊಂದು ವರ್ಷ ರೆಕ್ಕೆಯ ಮೇಲೆ ಕೂರಬೇಕಾದ ಗುರುತಿನ ಸ್ಟಿಕ್ಕರ್ ಹೆಬ್ಬೆರಳಿಗೆ ಕೂತು, ಎರಡು ದಿನ ಅವನೇ ವಿಮಾನದಂತೆ ಓಡಾಡಿದ. ಈ ಸಲ ಹಾಗಾಗಬಾರದೆಂದು ಎರಡು ಪ್ರೊಪೆಲರಿನ ಹಳೇ ಕಾಲದ ಒಂದು ಪ್ರಯಾಣಿಕರ ವಿಮಾನವನ್ನು ಹಿಡಿದು, ಮಗುವಿನ ಉಗುರು ಕತ್ತರಿಸುವಷ್ಟು ಜಾಗ್ರತೆಯಿಂದ ಮಾಡುತ್ತಿದ್ದ.

ಅಷ್ಟರಲ್ಲಿ ಅಕ್ಕ ಬಂದಳು. ಬಂದಳು ಎಂದರೆ ಗಂಡನನ್ನು ಬಿಟ್ಟು ಬಂದಳು, ಒಂದು ಸೂಟ್‌ಕೇಸ್ ಮತ್ತು ಒಂದು ಟೇಬಲ್ ಫ್ಯಾನಿನೊಂದಿಗೆ.

"ಫ್ಯಾನ್ ಯಾಕೆ ತಂದ್ಯೇ?" ಎಂದು ಅಮ್ಮ ಕೇಳಿದಳು. ಮುಖ್ಯ ಪ್ರಶ್ನೆಗೆ ಬಾಯಿ ಬರಲಿಲ್ಲವೆಂದು ಕಾಣುತ್ತದೆ.

"ಆ ಮನೇಲಿ ನಾನೇ ಆರಿಸಿ ತಂದಿದ್ದು ಇದೊಂದೇ."

"ಹೊಡೆದ್ನಾ?"

"ಇಲ್ಲಮ್ಮ. ನಾನು ಬಾಯಿ ತೆಗೆದಾಗಲೆಲ್ಲ ಟಿವಿ ಸೌಂಡ್ ಜಾಸ್ತಿ ಮಾಡ್ತಾನೆ. ಮದುವೆ ಆದಾಗಿಂದ ಮಾಡ್ತಾನೇ ಇದ್ದ. ಮೊನ್ನೆ ನೋಡಿದ್ರೆ ಸೌಂಡು ಇನ್ನು ಮೇಲಕ್ಕೆ ಹೋಗ್ತಾನೇ ಇಲ್ಲ, ಕೊನೆ ಮುಟ್ಟಿದೆ. ಎದ್ದು ಬಂದೆ."

ಅಮ್ಮನ ಅಣ್ಣ, ಅಂದರೆ ಇವರ ಸೋದರಮಾವ, ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಲೋಕದಲ್ಲಿ ಕ್ಲಚ್ಚು ಬ್ರೇಕುಗಳಿಂದ ಬಗೆಹರಿಯದ ಸಮಸ್ಯೆಯೇ ಇಲ್ಲವೆಂದು ನಂಬಿದ್ದ. ಅಕ್ಕ ಬಂದ ವಾರದಲ್ಲೇ ಬಂಧುಬಳಗಕ್ಕೆಲ್ಲ ಫೋನ್ ಮಾಡಿ, ತಂಗಿಗೆ ಕೆಮ್ಮು, ಆರೈಕೆಗೆ ಮಗಳು ಬಂದಿದ್ದಾಳೆ, ಅಷ್ಟೇ, ಎಂದು ಹೇಳಿಬಿಟ್ಟ. ಕಲ್ಲುಗುಂಡಿನಂತಿದ್ದ ಅಮ್ಮ ಅಂದಿನಿಂದ ಪಕ್ಕದ ಮನೆಯವರು ಕಂಡಾಗಲೆಲ್ಲ ಕೆಮ್ಮಬೇಕಾಯಿತು. ಅಕ್ಕನಿಗೆ ಗೇಟಿನಾಚೆ ಕಾಲಿಡುವುದೇ ಬೇಡವಾಯಿತು. ಹಾಲು ತರಲು ಹೋದರೂ "ಯಾವಾಗ ವಾಪಸ್ಸು?" ಎಂಬ ಪ್ರಶ್ನೆ ಹಾಲಿಗಿಂತ ಮೊದಲೇ ಸಿಗುತ್ತಿತ್ತು. ಅವಳು ಮನೆಯೊಳಗೇ ಉಳಿದಳು. ಪೈಲಟ್ ಅದನ್ನೂ ಆಯ್ತು ಎಂದು ನೋಡುತ್ತಿದ್ದ.

ಒಂದು ಭಾನುವಾರ ವಿಮಾನದ ಹೊಟ್ಟೆಗೆ ಬಣ್ಣ ಹೊಡೆದು, ಒಣಗಲಿ ಎಂದು ಅದನ್ನು ಅಂಗಾತ ಮಲಗಿಸಿ, ಕೆಳಗೆ ಸ್ಪಂಜು ಕೊಟ್ಟು, ಮೇಜಿನಲ್ಲಿ ಜಾಗವಿಲ್ಲದೆ ಕುರ್ಚಿಯ ಮೇಲಿಟ್ಟಿದ್ದ. ಚಕ್ರದ ಕಾಲುಗಳು ಆಕಾಶ ನೋಡುತ್ತಿದ್ದವು. ಮಾವ ಒಳಗೆ ಬರುತ್ತಲೇ ಉಪದೇಶ ಶುರುಮಾಡಿದ.

"ನೋಡಮ್ಮ, ಸಂಸಾರ ಅಂದ್ರೆ ಏರುದಾರಿ. ಹಾಫ್ ಕ್ಲಚ್ಚಲ್ಲಿ ಹಿಡಿದು ನಿಲ್ಲಿಸ್ಬೇಕು. ಗಾಡಿ ಹಿಂದಕ್ಕೆ ಜಾರ್ತು ಅಂತ ಡೋರ್ ತೆಗೆದು ಹಾರ್ಕೊಂಡ್ರೆ ಆಗುತ್ತಾ? ಮುಂದಿನ ತಿಂಗಳು ನಾನೇ ಕರ್ಕೊಂಡು ಹೋಗಿ ಬಿಟ್ಟು..." ಎನ್ನುತ್ತ ಕುರ್ಚಿ ಎಳೆದು ಕೂತ.

ಪೂರ್ತಿ ಕೂರಲಿಲ್ಲ. ಅರ್ಧ ದಾರಿಯಲ್ಲೇ "ಅಯ್ಯಪ್ಪೋ!" ಎಂದು ಚಿಮ್ಮಿ ಎದ್ದ. ಎರಡೂ ಚಕ್ರಗಳು ಬುಡಸಮೇತ ಮುರಿದು ಒಂದು ಅವನ ಪ್ಯಾಂಟಿಗೇ ಸಿಕ್ಕಿಕೊಂಡಿತ್ತು. ಒಂದು ಪ್ರೊಪೆಲರ್ ಸೊಟ್ಟಗಾಗಿತ್ತು.

"ಯಾರಯ್ಯ ಕುರ್ಚಿ ಮೇಲೆ ವಿಮಾನ ಇಳಿಸಿದ್ದು? ಏನಾಗಿಹೋಗ್ತಿತ್ತು ನಂಗೆ!"

"ಸಾರಿ ಮಾವ" ಎಂದ ಪೈಲಟ್.

ಮಾವ ಒಂದು ಕೈಯಿಂದ ಹಿಂಭಾಗ ನೇವರಿಸಿಕೊಳ್ಳುತ್ತ ಹೊರಟುಹೋದ ಮೇಲೆ ಪೈಲಟ್ ಮುರಿದ ಕಾಲುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಮತ್ತೆ ಅಂಟಿಸಿದರೂ ವಿಮಾನದ ಭಾರ ಹೊರುವಂತಿರಲಿಲ್ಲ. ಈ ವರ್ಷವೂ ಮೇಜು ಹೊರುವುದಷ್ಟೇ ತನ್ನ ಪಾಲಿಗೆಂದು ಲೆಕ್ಕ ಹಾಕುತ್ತಿದ್ದ. ಅಕ್ಕ ವಿಮಾನವನ್ನು ಎತ್ತಿ, ತಿರುಗಿಸಿ, ಮೇಜಿನ ಮೇಲೆ ಹೊಟ್ಟೆಯ ಮೇಲೆಯೇ ಕೂರಿಸಿದಳು.

"ಹೀಗೂ ವಿಮಾನದ ಥರಾನೇ ಇದೆಯಲ್ಲೋ."

"ಹೀಗೆ ಇಳಿಯೋದೂ ಉಂಟು ಅಕ್ಕ. ಚಕ್ರ ತೆರ್ಕೊಳ್ದೇ ಇದ್ರೆ ಹೊಟ್ಟೆ ಮೇಲೇ ಇಳಿಸ್ತಾರೆ. ಬೇರೆ ದಾರಿ ಇರಲ್ಲ."

"ಒಳಗಿದ್ದೋರು?"

"ನಿಧಾನಕ್ಕೆ ಇಳಿಸಿದ್ರೆ, ನೆಲ ಕೈಕೊಡದಿದ್ರೆ, ಬಾಗಿಲು ತೆಗೆದು ನಡ್ಕೊಂಡು ಹೋಗ್ತಾರೆ. ಎಷ್ಟೋ ಸಲ ಯಾರಿಗೂ ಏನೂ ಆಗಿರಲ್ಲ."

ಅಕ್ಕ ವಿಮಾನದ ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, "ಹಾಗಾದ್ರೆ ಹಂಗೇ ಮಾಡು. ಚಕ್ರ ಗಿಕ್ರ ಬೇಡ. ಕೆಳಗಿನ ನೆಲಾನೂ ಸರಿಯಾಗಿ ಮಾಡು. ಹೀಗೇ ಇಟ್ರೆ ನಾನೂ ಬರ್ತೀನಿ ಪ್ರದರ್ಶನಕ್ಕೆ. ಅದರ ಪಕ್ಕದಲ್ಲೇ ನಿಂತ್ಕೋತೀನಿ" ಎಂದಳು.

ಅಮ್ಮ ಅಡುಗೆಮನೆಯಿಂದ ಇಣುಕಿದಳು. ಗೇಟು ದಾಟದ ಮಗಳು ಊರವರೆಲ್ಲ ಬರುವ ಹಾಲಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಪೈಲಟ್ "ಆಯ್ತು" ಅಂದ. ತನ್ನ ಆಯ್ತುಗಳಲ್ಲಿ ಇದೊಂದು ಮಾತ್ರ ಬೇರೆ ತೂಕದ್ದೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಅಂಥದ್ದೆಲ್ಲ ಅವನಿಗೆ ಮಾರನೇ ದಿನ ಬಸ್ಸಿನಲ್ಲಿ ಹೊಳೆಯುವುದು.

ಅಲ್ಲಿಯವರೆಗೆ ಬೇಸ್, ಅಂದರೆ ವಿಮಾನ ಕೂರಿಸುವ ಪೀಠ, ಅವನ ಪಾಲಿಗೆ ಕಪ್ಪು ಬಣ್ಣ ಬಳಿದ ಒಂದು ಹಲಗೆ, ಕೊನೆಯ ದಿನ ಮಾಡಿ ಮುಗಿಸುವಂಥದ್ದು. ಈಗ ಕಥೆಯೆಲ್ಲ ಅದರಲ್ಲೇ ಇತ್ತು. ಅಂಗಡಿಯಲ್ಲಿ ಬಿಸಾಡಿದ್ದ ಒಂದು ಮಾದರಿ ಹಲಗೆಯನ್ನು ಕೇಳಿ ತಂದು ಹಳೇ ಅಂಟನ್ನೆಲ್ಲ ಕೆರೆದ. ಸುತ್ತ ಮರದ ಪಟ್ಟಿ ಹೊಡೆದ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಿದರೆ ಮೂರು ಮೂಲೆ ಸೇರಿದವು, ನಾಲ್ಕನೆಯದು ಮುಂದಿನ ಹಲ್ಲು ಬಿದ್ದ ಬಾಯಿಯಂತೆ ತೆರೆದುಕೊಂಡಿತು. ಅದಕ್ಕೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಸ್ಯಾಂಡ್ ಪೇಪರಿನಿಂದ ಉಜ್ಜಿ, ಆ ಮೂಲೆ ಹಿಂದಕ್ಕೆ ಬರುವಂತೆ ಹಲಗೆಯನ್ನು ತಿರುಗಿಸಿಟ್ಟ.

ಹಲಗೆಯ ಒಂದು ಅಂಚಿನಲ್ಲಿ ರನ್‌ವೇಯ ಕೊನೆ, ಉಳಿದದ್ದೆಲ್ಲ ಬಯಲು. ವಿಮಾನ ರನ್‌ವೇ ಮುಗಿಸಿ, ಅದು ಸಾಲದೆ ಮಣ್ಣಿನಲ್ಲಿ ಜಾರಿಕೊಂಡು ಹೋಗಿ ನಿಂತಿದೆ ಎಂದು ಇಬ್ಬರೂ ತೀರ್ಮಾನಿಸಿದರು. ರನ್‌ವೇಗೆ ಬೂದು ಗ್ರೌಟ್ ಹರಡಿ, ಸ್ಟೀಲ್ ಸ್ಕೇಲ್ ಇಟ್ಟು ಕಾಂಕ್ರೀಟಿನ ಚೌಕಗಳ ಗೆರೆ ಕೊರೆದ. ಇದೊಂದು ಕೆಲಸದಲ್ಲಾದರೂ ತನ್ನನ್ನು ಮೀರಿಸುವವರಿಲ್ಲ ಎಂಬ ಧಿಮಾಕಿನಲ್ಲಿ ಕೈ ತೊಳೆಯಲು ಹೋದ. ಬರುವಷ್ಟರಲ್ಲಿ ಅಕ್ಕ ಬೇಗ ಒಣಗಲೆಂದು ತನ್ನ ಫ್ಯಾನನ್ನು ಜೋರಾಗಿ ಅದರ ಮುಖಕ್ಕೇ ಹಿಡಿದಿದ್ದಳು. ರನ್‌ವೇ ತುಂಬ ಜೇಡರಬಲೆಯಂತೆ ಬಿರುಕು.

"ಅಕ್ಕಾ! ಗ್ರೌಟಿಗೆ ಯಾರಾದ್ರೂ ಗಾಳಿ ಹಾಕ್ತಾರಾ? ಮಾಲೀಕರು ನೋಡಿದ್ರೆ ನನ್ನನ್ನೇ ಗೋಡೆಗೆ ಅಂಟಿಸ್ತಾರೆ."

"ನಿಮ್ಮ ಮಾಲೀಕರು ಇಲ್ಲಿ ಇಳಿಯಲ್ಲ ಬಿಡು. ನಮ್ಮ ರಸ್ತೆ ನೋಡಿದ್ದೀಯಾ? ಬಿರುಕಿಲ್ಲದ ಕಾಂಕ್ರೀಟ್ ಎಲ್ಲಿದೆ ಹೇಳು." ಅವಳು ಹಳೇ ಬ್ರಶ್ಶಿನಿಂದ ಕಪ್ಪು ನೀರುಬಣ್ಣವನ್ನು ಬಿರುಕುಗಳ ಮೇಲೆ ಹರಿಯಬಿಟ್ಟು ಬಟ್ಟೆಯಿಂದ ಒರೆಸಿದಳು. ಬಿರುಕುಗಳಲ್ಲಿ ಕಪ್ಪು ನಿಂತಿತು, ಮೇಲಿನದು ಹೋಯಿತು. ಇಪ್ಪತ್ತು ವರ್ಷ ವಿಮಾನಗಳು ಇಳಿದು ಸವೆಸಿದಂತೆ ಕಾಣುವ ರನ್‌ವೇ ಅದು. ಪೈಲಟ್ ತನ್ನ ಧಿಮಾಕನ್ನು ಮೆಲ್ಲಗೆ ನುಂಗಿಕೊಂಡ.

ಬಯಲಿಗೆ ಗೋಡೆಯ ಪುಟ್ಟಿಯನ್ನು ಕಂದು ಬಣ್ಣದಲ್ಲಿ ಕಲಸಿ ದಪ್ಪಗೆ ಹಾಕಿದರು. ಹಸಿ ಇರುವಾಗಲೇ ವಿಮಾನಕ್ಕೆ ತೆಳು ಪ್ಲಾಸ್ಟಿಕ್ ಸುತ್ತಿ ಅದರಲ್ಲಿ ಒತ್ತಿದರು. ವಿಮಾನ ನೆಲಕ್ಕೆ ತಾಗಿದೆ ಎಂದು ನೋಡುವವರ ಕಣ್ಣು ಒಪ್ಪಬೇಕಾದರೆ ಹೊಟ್ಟೆಯಡಿ ಕೂದಲೆಳೆಯಷ್ಟೂ ಬೆಳಕು ಹಾಯಬಾರದು. ಹಾದರೆ ಮುಗಿಯಿತು, ನೆಲದ ಮೇಲೆ ಇಟ್ಟ ಆಟಿಕೆ. ಒತ್ತಿದ ಮೇಲೆ ವಿಮಾನದ ಬಾಲದಿಂದ ಹಿಂದಕ್ಕೆ ಚಮಚದ ಬೆನ್ನಿನಿಂದ ಉದ್ದಕ್ಕೆ ಎಳೆದು, ಹೊಟ್ಟೆ ಉತ್ತುಕೊಂಡು ಬಂದ ಸಾಲು ಮಾಡಿದರು. ಮಣ್ಣಿನ ಹರಳಿಗೆ ಕುಡಿದು ಉಳಿದ ಚಹಾಪುಡಿಯನ್ನು ಪೇಪರಿನ ಮೇಲೆ ಒಣಗಿಸಿ ಉದುರಿಸಿದರು. ಹುಲ್ಲಿಗೆ ಸೆಣಬಿನ ದಾರವನ್ನು ಸಣ್ಣಗೆ ಕತ್ತರಿಸಿ ಅಂಟಿನಲ್ಲಿ ನಿಲ್ಲಿಸಿದರು.

"ಮನೆ ಒಳಗೆ ಗುಡಿಸಿ ಗುಡಿಸಿ ನಾನು ಸಾಯ್ತಿದ್ದೀನಿ. ಅಕ್ಕ ತಮ್ಮ ಸೇರ್ಕೊಂಡು ಮೇಜಿನ ಮೇಲೆ ಕಸ ಬೆಳೀತಿದ್ದೀರಿ" ಎಂದಳು ಅಮ್ಮ. ಆದರೆ ಅಂದಿನಿಂದ ಚಹಾದ ಚರಟವನ್ನು ಹಿಂಡಿ ಒಂದು ತಟ್ಟೆಯಲ್ಲಿ ತೆಗೆದಿಡತೊಡಗಿದಳು.

ನೀರು ನಿಂತ ಗುಂಡಿಗಳ ಯೋಚನೆ ಪೈಲಟ್‌ದು. ಬಾತ್‌ರೂಮಿನ ಸಂದಿಗೆ ಹಾಕುವ ಪಾರದರ್ಶಕ ಸಿಲಿಕೋನ್ ಇರುವಾಗ ಬೇರೆ ಯಾಕೆ ಎಂದು ಟ್ಯೂಬು ತಂದು, ಬಣ್ಣ ಹೊಡೆಯುವ ಮೊದಲೇ ಗುಂಡಿಗಳಿಗೆ ತುಂಬಿಬಿಟ್ಟ. ಮನೆಯೆಲ್ಲ ಹುಳಿ ವಾಸನೆ. ಮಾರನೇ ದಿನ ಮಣ್ಣಿನ ಬಣ್ಣ ಹೊಡೆದರೆ ಸಿಲಿಕೋನಿನ ಮೇಲೆ ಒಂದು ಹನಿಯೂ ನಿಲ್ಲದು; ತಾವರೆಲೆಯ ಮೇಲಿನ ನೀರಿನಂತೆ ಉರುಳಿ ಉರುಳಿ ಓಡಿತು. ಸಿಲಿಕೋನಿಗೆ ಬಣ್ಣ ಹಿಡಿಯುವುದಿಲ್ಲವೆಂದು ಅವನು ದಿನಕ್ಕೆ ನಾಲ್ಕು ಗಿರಾಕಿಗಳಿಗೆ ಹೇಳುತ್ತಿದ್ದ.

"ಆ ನಾಲ್ಕು ಜನರಲ್ಲಿ ನೀನೂ ಒಬ್ಬ ಆಗಿದ್ರೆ ಚೆನ್ನಾಗಿತ್ತು" ಎಂದಳು ಅಕ್ಕ. ಇಬ್ಬರೂ ಕೂತು ಹುಬ್ಬು ಕೀಳುವ ಚಿಮಟದಿಂದ ಅದನ್ನು ಕಿತ್ತು, ಬಣ್ಣ ಮುಗಿಸಿ, ಮತ್ತೆ ತುಂಬಿದರು. ಪ್ರೊಪೆಲರಿನ ಉಳಿದ ಅಲಗುಗಳನ್ನು ಬಿಸಿನೀರಲ್ಲಿ ಅದ್ದಿ ಹಿಂದಕ್ಕೆ ಬಗ್ಗಿಸಿದರು. ತಿರುಗುತ್ತಿರುವಾಗ ನೆಲ ತಾಗಿದರೆ ಎಲ್ಲ ಅಲಗೂ ಮಡಚಿಕೊಳ್ಳಲೇಬೇಕು. ಸುತ್ತಲಿನ ಮರದ ಪಟ್ಟಿಗಳಿಗೆ ಮಾಸಿದ ಕಪ್ಪು ಬಣ್ಣ, ಬೇಸಿನ ತಳಕ್ಕೆ ಉಣ್ಣೆ ಬಟ್ಟೆ.

ಮನುಷ್ಯರ ಬೊಂಬೆ ಬೇಡವೆಂದಳು ಅಕ್ಕ. "ನಡ್ಕೊಂಡು ಹೋದ್ರು ಅಂದ್ಯಲ್ಲ. ಹೋಗಿಯಾಗಿದೆ. ಹೆಜ್ಜೆ ಸಾಕು." ಹೆಜ್ಜೆ ಬೀಳುವ ಜಾಗಕ್ಕೆಲ್ಲ ಕಂದು ಪುಟ್ಟಿಯನ್ನು ಮತ್ತೆ ತೆಳುವಾಗಿ ಸವರಿ, ತಲೆಪಿನ್ನಿನ ತುದಿಯಿಂದ ವಿಮಾನದ ಬಾಗಿಲಿನಿಂದ ರನ್‌ವೇವರೆಗೆ ಮಣ್ಣಿನಲ್ಲಿ ಪುಟ್ಟ ಪುಟ್ಟ ಹೆಜ್ಜೆ ಒತ್ತುತ್ತ ಹೋದಳು. ಪೈಲಟ್ ಭೂತಗನ್ನಡಿ ಹಿಡಿದು ನೋಡಿದ.

"ಎಲ್ಲಾ ಬಲಗಾಲೇ ಇದೆ ಅಕ್ಕ. ಕುಂಟುತ್ತಾ ಹೋದಂಗಿದೆ."

"ಕುಂಟಿದ್ರೂ ಹೋದ್ರಲ್ಲ" ಎಂದು ಅವಳು ಪಿನ್ನನ್ನು ತಿರುಗಿಸಿ ಎಡಗಾಲುಗಳನ್ನು ಸೇರಿಸಿದಳು. ಆಮೇಲೆ ಒಬ್ಬರ ಹೆಜ್ಜೆಗಳನ್ನು ಮಾತ್ರ ರನ್‌ವೇ ಕಡೆಗೆ ಬಿಡದೆ, ಹುಲ್ಲಿನ ನಡುವೆ ಹಾಯಿಸಿ, ಹಲಗೆಯ ಅಂಚಿನವರೆಗೂ ಒಯ್ದಳು. ಬೇಸಿನ ಮುಂಭಾಗದ ಪಟ್ಟಿಗೆ ಅಂಟಿಸಲು ಚೀಟಿ ಬರೆದವಳೂ ಅವಳೇ: ಚಕ್ರ ತೆರೆದುಕೊಳ್ಳಲಿಲ್ಲ. ಎಲ್ಲರೂ ನಡೆದುಕೊಂಡು ಹೋದರು.

ಪ್ರದರ್ಶನಕ್ಕೆ ಎರಡು ದಿನ ಮುಂಚೆ, ಮೇಜು ಹೊರಲು ಹಾಲಿಗೆ ಹೋದಾಗ ಪೈಲಟ್ ಫೋನಿನಲ್ಲಿದ್ದ ಫೋಟೋವನ್ನು ಅಧ್ಯಕ್ಷರಿಗೆ ತೋರಿಸಿದ. ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಹುಳುಕು ಹಲ್ಲು ಕಂಡವರ ಮುಖವಾಯಿತು.

"ಏನಯ್ಯ ಇದು, ಅಪಘಾತ?"

"ಇಳಿದಿರೋದು ಸಾರ್."

"ಉದ್ಘಾಟನೆಗೆ ಫ್ಲೈಯಿಂಗ್ ಸ್ಕೂಲ್‌ನವರು ಬರ್ತಿದ್ದಾರೆ. ಅವರೆದುರು ಮಣ್ಣಲ್ಲಿ ಬಿದ್ದಿರೋ ವಿಮಾನ ಇಡೋಕಾಗುತ್ತಾ? ನಮ್ಮ ಮೇಜಿನ ಮೇಲೆ ವಿಮಾನ ಕಾಲ ಮೇಲೆ ನಿಂತಿರ್ಬೇಕು, ಇಲ್ಲಾ ಹಾರ್ತಿರ್ಬೇಕು. ಕೆಲಸ ಚೆನ್ನಾಗಿ ಮಾಡಿದ್ದೀಯ, ಹಾಳು ಮಾಡ್ಕೋಬೇಡ. ತಗೋ ಈ ರಾಡು. ಅವತ್ತು ನಾನೇ ಹೊಟ್ಟೆಗೊಂದು ತೂತು ಕೊರೆದು ಎತ್ತಿ ನಿಲ್ಲಿಸಿಕೊಡ್ತೀನಿ. ಎರಡು ನಿಮಿಷದ ಕೆಲಸ."

ಕೆಟ್ಟ ಮನುಷ್ಯರೇನಲ್ಲ. ಹೊಳೆಯುವ ಆ ಸ್ಟೀಲ್ ರಾಡು ಅವರ ಸ್ವಂತದ್ದು. ಪೈಲಟ್‌ನ ಬಾಯಿ ಅವನನ್ನು ಕೇಳದೆ ತನ್ನ ಕೆಲಸ ಮಾಡಿತು: "ಆಯ್ತು ಸಾರ್."

ಮನೆಗೆ ಬಂದರೆ ಅಕ್ಕ ಸೀರೆ ಇಸ್ತ್ರಿ ಮಾಡುತ್ತಿದ್ದಳು, ಹೊರಗೆ ಹೋಗುವ ಸೀರೆ. "ನೀಲಿದೋ ಹಸಿರಿದೋ?" ಎಂದು ಕೇಳಿದಳು. ರಾಡು ಅವನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ತಣ್ಣಗೆ ತಾಗುತ್ತಿತ್ತು. ಹೇಳುವುದಕ್ಕೆ ಎರಡು ದಿನ ಇತ್ತು. ಎರಡು ದಿನವೂ ಅವನು ಸೀರೆಯ ಬಣ್ಣದ ಬಗ್ಗೆಯೇ ಅಭಿಪ್ರಾಯ ಕೊಟ್ಟ. ಅವಳಿಗೆ ಗೊತ್ತಾಗದಂತೆ ರಾಡು ಹಾಕಿಸಿ, ಅವಳು ಬಂದಾಗ ನೋಡಿಕೊಂಡರಾಯಿತು ಎಂಬ ಉಪಾಯವನ್ನೂ ಯೋಚಿಸಿದ. ಅವನ ಧೈರ್ಯದ ಮಟ್ಟ ಅಷ್ಟು.

ಶನಿವಾರ ಬೆಳಿಗ್ಗೆ ಅಕ್ಕ ಅವನ ಜೊತೆಯಲ್ಲೇ ಹೊರಟಳು. ಬೇಸಿನ ಒಂದು ತುದಿ ಅವಳು, ಇನ್ನೊಂದು ತುದಿ ಅವನು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ "ಎಲ್ಲಿಗಮ್ಮ, ವಾಪಸ್ ಹೊರಟ್ಯಾ?" ಎಂದರು. "ಇಲ್ಲ, ಮುಂದಕ್ಕೆ" ಎಂದಳು ಅಕ್ಕ, ತಲೆ ತಿರುಗಿಸದೆ.

ಹಾಲಿನ ಬಾಗಿಲಲ್ಲೇ ಅಧ್ಯಕ್ಷರು ಸಿಕ್ಕರು. "ಬಾರಯ್ಯ ಬಾ. ರಾಡು ತಂದಿದ್ದೀಯಲ್ಲ? ಕೊಡು, ಜನ ಬರೋಕೆ ಮುಂಚೆ ಕೊರೆದುಬಿಡೋಣ."

ಅಕ್ಕ ತಮ್ಮನ ಮುಖ ನೋಡಿದಳು. "ಯಾವ ರಾಡು?"

ಪೈಲಟ್ ಬೇಸನ್ನು ಮೇಜಿನ ಮೇಲಿಟ್ಟು ಜೇಬಿನಿಂದ ರಾಡು ತೆಗೆದ. "ಸಾರ್ ಹೇಳಿದ್ರು... ಬಿದ್ದಿರೋದು ಬೇಡ, ಹಾರ್ತಿರೋ ಥರ ಮಾಡು ಅಂತ. ನಾನು ಆಯ್ತು ಅಂದ್ಬಿಟ್ಟೆ."

"ಯಾವತ್ತು?"

"ಗುರುವಾರ."

ಅವಳು ಬೈಯಲಿಲ್ಲ. ಬೈದಿದ್ದರೆ ಸಾರಿ ಕೇಳಿ ಮುಗಿಸುತ್ತಿದ್ದ. ಆ ವಿದ್ಯೆ ಅವನಿಗೆ ಗೊತ್ತಿತ್ತು. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಸರಿ. ನೀನು ಮುಗಿಸ್ಕೊಂಡು ಬಾ. ನಾನು ಮನೇಲಿರ್ತೀನಿ" ಎಂದು ಬಾಗಿಲ ಕಡೆಗೆ ತಿರುಗಿದಳು. ಮನೇಲಿರ್ತೀನಿ ಎಂದರೆ ಇವತ್ತಿನ ಮಾತಲ್ಲವೆಂದು ಪೈಲಟ್‌ಗೆ ಈ ಸಲ ಬಸ್ಸಿಗೆ ಕಾಯದೆ, ನಿಂತಲ್ಲೇ ಹೊಳೆಯಿತು.

ಅಧ್ಯಕ್ಷರು ವಿಮಾನವನ್ನು ಬೇಸಿನ ಮಣ್ಣಿನ ಸಾಲಿನಿಂದ ಎತ್ತಿ ಮಗುಚಿ ಎಡಗೈಯಲ್ಲಿ ಹಿಡಿದಿದ್ದರು. ಬಲಗೈಯಲ್ಲಿ ಮೆಷಿನ್ನು ಗುಂಯ್ ಎಂದಿತು. ಹಳೇ ಅಭ್ಯಾಸಬಲದಿಂದ, "ಏನೂ ನೋವಾಗಲ್ಲ" ಎಂದರು, ಯಾರಿಗೆ ಹೇಳಿದರೋ.

ಪೈಲಟ್ ವಿಮಾನದ ಹೊಟ್ಟೆಯ ಮೇಲೆ ಅಂಗೈ ಇಟ್ಟ.

"ಕೈ ತೆಗಿಯಯ್ಯ, ತೂತಾಗುತ್ತೆ!"

"ಬೇಡ ಸಾರ್."

"ಏನು ಬೇಡ?"

"ಕೊರೆಯೋದು ಬೇಡ. ಇದು ಹಾರ್ತಿಲ್ಲ. ಇಳಿದಿದೆ." ಅವನ ಧ್ವನಿ ಮೀಸೆ ಮೊಳೆಯುವ ವಯಸ್ಸಿನವರದಂತೆ ನಡುವೆ ಒಡೆಯಿತು. ಅಂಗೈ ಮಾತ್ರ ಅಲ್ಲೇ ಇತ್ತು.

ಮೆಷಿನ್ನು ನಿಂತಿತು. "ಗುರುವಾರ ಆಯ್ತು ಅಂದ್ಯಲ್ಲ?"

"ಗುರುವಾರ ತಪ್ಪು ಹೇಳ್ದೆ ಸಾರ್. ಇವತ್ತು ಸರಿ ಮಾಡ್ತಿದ್ದೀನಿ."

"ಹಾಗಾದ್ರೆ ಮೇಜಿಲ್ಲ. ಈ ಎಲ್ಲ ಮೇಜಿಗೂ ನಿಯಮ ಒಂದೇ."

ಮೇಜುಗಳನ್ನೆಲ್ಲ ಹೊತ್ತು ತಂದವನೇ ಅವನು, ಅದನ್ನು ಹೇಳಬಹುದಿತ್ತು. ಆದರೆ ಬಾಗಿಲಲ್ಲಿ ನಿಂತಿದ್ದ ಅಕ್ಕ ವಾಪಸ್ ಬಂದು, ಡಾಕ್ಟರ ಕೈಯಿಂದ ವಿಮಾನವನ್ನು ಜೋಪಾನವಾಗಿ ತೆಗೆದುಕೊಂಡು ಅದರ ಸಾಲಿನಲ್ಲಿ ಕೂರಿಸಿದಳು. "ಮೇಜು ಬೇಡ ಡಾಕ್ಟ್ರೇ. ನೆಲ ಇದೆಯಲ್ಲ" ಎಂದಳು.

ಇಬ್ಬರೂ ಬೇಸನ್ನು ಎತ್ತಿ ಹಾಲಿನ ಒಳಬಾಗಿಲ ಬಳಿ, ಕಂಬದ ಪಕ್ಕ, ನೆಲದ ಮೇಲೆ ಇಟ್ಟರು. ಅಕ್ಕ ಒಂದು ಮಡಚುವ ಕುರ್ಚಿ ತಂದು ಅದರ ಪಕ್ಕ ಹಾಕಿಕೊಂಡು ಕೂತಳು. ಫ್ಲೈಯಿಂಗ್ ಸ್ಕೂಲ್‌ನವರ ಕಾರು ಬಂದಿತ್ತು, ಅಧ್ಯಕ್ಷರು ಸ್ವಾಗತಕ್ಕೆ ಓಡಬೇಕಾಯಿತು. ಬಂದ ಅತಿಥಿಗಳು ಟೇಪ್ ಕತ್ತರಿಸಿ, ಮೇಜುಗಳ ಮುಂದೆ ಫೋಟೋ ತೆಗೆಸಿಕೊಂಡು, ಯಾವ ವಿಮಾನವನ್ನೂ ಅಷ್ಟಾಗಿ ನೋಡದೆ ಹೋದರು.

ಆಮೇಲೆ ಜನ ಬಂದರು. ಮೇಜಿನ ಮೇಲಿನವನ್ನು ನಿಂತೇ ನೋಡಿದರು. ಇದನ್ನು ನೋಡಬೇಕೆಂದರೆ ಕುಕ್ಕರಗಾಲಲ್ಲಿ ಕೂರಬೇಕಿತ್ತು. ಕೂತವರು ಬೇಗ ಏಳುತ್ತಿರಲಿಲ್ಲ. ತರಕಾರಿ ಚೀಲ ಹಿಡಿದ ಒಬ್ಬಾಕೆ ಮೂಗು ತಾಗುವಷ್ಟು ಬಗ್ಗಿ, "ಬಿದ್ದಿದ್ದಾ ಇದು?" ಎಂದರು.

"ಇಲ್ಲ. ಇಳಿದಿದ್ದು."

"ಎಲ್ಲರೂ ಬಂದ್ರಾ ಹೊರಗೆ?"

"ಎಲ್ಲರೂ. ಹೆಜ್ಜೆ ಇದೆ ನೋಡಿ."

"ಇದೊಬ್ರು ಯಾಕೆ ಹುಲ್ಲಲ್ಲಿ ಹೋಗಿದ್ದಾರೆ?"

"ಅವರಿಗೆ ಆ ಕಡೆ ಹತ್ರ" ಎಂದಳು ಅಕ್ಕ.

ಮಧ್ಯಾಹ್ನ ಅಮ್ಮನೂ ಬಂದಳು. ಹಿಂದೆಯೇ, ಯಾರ ಬಾಯಿಂದಲೋ ಸುದ್ದಿ ಮುಟ್ಟಿ, ಬೆವರುತ್ತ ಮಾವ.

"ಏನಮ್ಮ ಇದು, ನಡುಹಾಲಲ್ಲಿ ಕುರ್ಚಿ ಹಾಕ್ಕೊಂಡು! ಏಳು ಮೊದ್ಲು. ಜನ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ ಇಟ್ಟಿರೋದು ಮಾವ. ಇದು ಪ್ರದರ್ಶನ."

"ನಾನು ಎಲ್ಲರಿಗೂ ಏನು ಹೇಳಿದ್ದೀನಿ ಗೊತ್ತಲ್ಲ? ನಿಮ್ಮಮ್ಮನ ಕೆಮ್ಮು ವಾಸಿಯಾದ ತಕ್ಷಣ ನೀನು..." ಎಂದು ಮಾವ ತಂಗಿಯ ಕಡೆ ತಿರುಗಿದ. ಪಕ್ಕದ ಮನೆಯಾಕೆಯೂ ಅಲ್ಲೇ ಕುಕ್ಕರಗಾಲಲ್ಲಿದ್ದರು. "ಹೌದು, ಕೆಮ್ಮು ಹೇಗಿದೆ ಈಗ?" ಎಂದು ತಲೆ ಎತ್ತಿ ಕೇಳಿದರು.

ಅಮ್ಮ ಅಣ್ಣನನ್ನು ನೋಡಿದಳು, ಮಗಳನ್ನು ನೋಡಿದಳು. "ಯಾವ ಕೆಮ್ಮು?" ಎಂದಳು. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಇವಳು ಗಂಡನ್ನ ಬಿಟ್ಟು ಬಂದಿದ್ದಾಳೆ, ಅದಕ್ಕೆ ಮನೇಲಿದ್ದಾಳೆ. ಲೋ ಪೈಲಟ್, ನಂಗೂ ಒಂದು ಕುರ್ಚಿ ತಾರೋ."

ಪೈಲಟ್ ಕುರ್ಚಿ ತಂದ. ಮಾವನಿಗೂ ಒಂದು ತಂದಿಟ್ಟ. ಮಾವ ಕುರ್ಚಿಯ ಮೇಲ್ಭಾಗವನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಿ, ಬೇಡವೆಂದು ಹೊರಟುಹೋದ.

ಸಂಜೆ ಹಾಲ್ ಮುಚ್ಚುವಾಗ ಅಧ್ಯಕ್ಷರು ಕೀಲಿಕೈ ಆಡಿಸುತ್ತ ಹತ್ತಿರ ಬಂದರು. ಇಡೀ ದಿನ ಯೋಚಿಸಿ ಒಂದು ದಾರಿ ಹುಡುಕಿದವರ ಗೆಲುವು ಮುಖದಲ್ಲಿತ್ತು.

"ನಾಳೆ ಬೆಳಿಗ್ಗೆ ನೆಲ ಒರೆಸೋಕೆ ಬರ್ತಾರೆ. ನೆಲದ ಮೇಲೆ ಏನೂ ಇರೋ ಹಾಗಿಲ್ಲ. ಗ್ರಂಥಾಲಯದವರ ನಿಯಮ ಅದು, ನಂದಲ್ಲ."

ಪೈಲಟ್ ಅಕ್ಕನ ಕಡೆ ನೋಡಲಿಲ್ಲ. ಈ ಸಲ ಬಾಯಿ ಅವನನ್ನು ಕೇಳಿಯೇ ತೆರೆದುಕೊಂಡಿತು. "ಒರೆಸೋವಾಗ ಎತ್ತಿ ಹಿಡ್ಕೋತೀವಿ ಸಾರ್."

ಭಾನುವಾರ ಬಾಗಿಲು ತೆಗೆಯುವ ಮುಂಚೆಯೇ ಇಬ್ಬರೂ ಮೆಟ್ಟಿಲ ಮೇಲಿದ್ದರು. ಒರೆಸುವಾಕೆ ಬಕೆಟ್ ತಂದಿಟ್ಟಾಗ ಅಕ್ಕ ಒಂದು ತುದಿ, ತಮ್ಮ ಒಂದು ತುದಿ ಹಿಡಿದು ಬೇಸನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತರು. ಆಕೆ ಕೆಳಗೆ ಉದ್ದುದ್ದಕ್ಕೆ ಒರೆಸಿದಳು. ಕಂಬದ ಬುಡಕ್ಕೆ ಬಂದಾಗ, "ಇನ್ನೊಂಚೂರು ಆ ಕಡೆ" ಎಂದಳು. ಸರಿದರು.

"ಇಳಿಸ್ಬಹುದಾ?" ಎಂದ ಪೈಲಟ್. ಪುಟ್ಟಿ, ಗ್ರೌಟು, ಮರ, ಎಲ್ಲ ಸೇರಿದ ಭಾರಕ್ಕೆ ತೋಳುಗಳು ಸೋಲುತ್ತಿದ್ದವು.

"ಒಣಗ್ಲಿ ಇರಣ್ಣ. ಹಸಿ ನೆಲದ ಮೇಲಿಟ್ರೆ ಮಚ್ಚೆ ಬೀಳುತ್ತೆ."

"ಒಣಗ್ಲಿ, ಒಣಗ್ಲಿ. ನಮಗೇನು ಅವಸರ ಇಲ್ಲ" ಎಂದಳು ಅಕ್ಕ.

ಅಧ್ಯಕ್ಷರು ಗಡಿಯಾರ ನೋಡಿಕೊಂಡು, ಇವರನ್ನು ನೋಡಿ, ನಿಟ್ಟುಸಿರುಬಿಟ್ಟು ಹೊರಬಾಗಿಲು ತೆರೆದರು. ಮೊದಲು ಬಂದ ನಾಲ್ಕಾರು ಜನ ಹೊಸ್ತಿಲಲ್ಲೇ ನಿಂತರು. ಒದ್ದೆ ನೆಲದ ನಡುವೆ ಒಬ್ಬ ಹೆಂಗಸು, ಒಬ್ಬ ಗಂಡಸು ಒಂದು ತುಂಡು ಬಯಲನ್ನು, ಅದರ ಮೇಲಿನ ವಿಮಾನದ ಸಮೇತ, ಗಾಳಿಯಲ್ಲಿ ಎತ್ತಿ ಹಿಡಿದು ನಿಂತಿದ್ದರು.

"ಬನ್ನಿ ಬನ್ನಿ, ಒಳಗೆ ಬನ್ನಿ" ಎಂದು ಅಕ್ಕ ಅಲ್ಲಿಂದಲೇ ಕರೆದಳು. "ಅಂಚಲ್ಲಿ ನಡೀರಿ, ಜಾರುತ್ತೆ."